ಅತಿವಿಷದ ಪಕ್ಕದ ಚೀಲ

ಉಗ್ರಾಣದ ಬೀಗದ ಕೈ ನನಗೆ ಕೊಟ್ಟ ದಿನ, ಒಳಗೆ ಯಾವುದು ಎಲ್ಲಿದೆ ಎಂದು ಬಲ್ಲವರು ಆ ಕಾರ್ಖಾನೆಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಮೂವತ್ತು ವರ್ಷ ಅದನ್ನು ನೋಡಿಕೊಂಡಿದ್ದ ಸಾಹೇಬರಿಗೆ ಕಣ್ಣು ಮಂಜಾಗಿತ್ತು. ಅವರು ಕೆಲಸ ಬಿಟ್ಟು ಮನೆ ಸೇರಿ ಎರಡು ತಿಂಗಳಾಗಿತ್ತು. ಅವರಿದ್ದಾಗ ಪಟ್ಟಿ ಎಂಬುದೇ ಇರಲಿಲ್ಲವಂತೆ. ಏನು ಕೇಳಿದರೂ ಎದ್ದು ಹೋಗಿ ತಂದುಕೊಡುತ್ತಿದ್ದರಂತೆ.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ಆಯುರ್ವೇದ ಔಷಧ ತಯಾರಿಸುವ ಸಣ್ಣಪುಟ್ಟ ಕಾರ್ಖಾನೆಗಳಿಗೂ ಹೊಸ ನಿಯಮಗಳು ಬಂದಿದ್ದವು. ಲೋಹ, ಖನಿಜ, ಪ್ರಾಣಿಜನ್ಯ ವಸ್ತು, ಒಣಗಿದ ಗಿಡಮೂಲಿಕೆ, ಹಸಿ ಮೂಲಿಕೆ, ಅಂಟು ಮತ್ತು ರಾಳ, ಎಲ್ಲವನ್ನೂ ವಿಂಗಡಿಸಿ ಬೇರೆ ಬೇರೆ ಇಡಬೇಕು. ಪ್ರತಿಯೊಂದಕ್ಕೂ ಚೀಟಿ ಇರಬೇಕು. ನಾಲ್ಕು ತಿಂಗಳಲ್ಲಿ ತಪಾಸಣೆಗೆ ಬರುತ್ತಾರೆ ಎಂದು ಮಾಲೀಕರಿಗೆ ಪತ್ರ ಬಂದಿತ್ತು. ಅದಕ್ಕಾಗಿಯೇ ಸಸ್ಯಶಾಸ್ತ್ರ ಓದಿದ ನನ್ನನ್ನು ವಿಜಾಪುರದ ಕಡೆಯಿಂದ ತಿಪಟೂರಿಗೆ ಕರೆಸಿಕೊಂಡಿದ್ದರು.

ಹೊನ್ನವಳ್ಳಿ ರಸ್ತೆಯಲ್ಲಿದ್ದ ಆ ಕಟ್ಟಡ ಮೊದಲು ಕೊಬ್ಬರಿ ದಾಸ್ತಾನಿನ ಮನೆ. ನೆಲದಿಂದ ಆಳೆತ್ತರಕ್ಕೂ ಮೇಲೆ ಬಿದಿರಿನ ಅಟ್ಟ. ಹಿಂದೆ ಅದರ ಮೇಲೆ ಇಡೀ ತೆಂಗಿನಕಾಯಿಗಳನ್ನು ಹರವಿ, ಒಳಗಿನ ನೀರು ಇಂಗಿ ಗಿಟುಕು, ಅಂದರೆ ಕೊಬ್ಬರಿಯ ಗುಂಡು, ಗಡಗಡ ಅಲ್ಲಾಡುವವರೆಗೆ ವರ್ಷವಿಡೀ ಬಿಡುತ್ತಿದ್ದರು. ಕಾಯಿ ಹೋಗಿ ಎಷ್ಟೋ ವರ್ಷವಾಗಿದ್ದರೂ ಗೋಡೆಗೆ ಕಮಟು ಎಣ್ಣೆಯ ವಾಸನೆ ಹಾಗೆಯೇ ಅಂಟಿಕೊಂಡಿತ್ತು. ಅಟ್ಟದ ಕೆಳಗೂ ಮೇಲೂ ಗೋಣಿಚೀಲ, ತಗಡಿನ ಡಬ್ಬ, ಮಡಕೆ. ಒಟ್ಟು ಇನ್ನೂರ ಹನ್ನೊಂದು ಬಗೆಯ ಸಾಮಾನು. ಅವುಗಳಲ್ಲಿ ಚೀಟಿ ಇದ್ದದ್ದು ನಲವತ್ತಕ್ಕೆ.

ನನ್ನ ದಿನ ಹೀಗೆ ಹೋಗುತ್ತಿತ್ತು: ಬೆಳಿಗ್ಗೆ ಬೀಗ ತೆರೆದು ಒಂದು ಚೀಲ ಬಿಚ್ಚುವುದು. ಹಿಡಿಯಷ್ಟನ್ನು ಬಿಳಿ ಕಾಗದದ ಮೇಲೆ ಸುರಿದು ಬಣ್ಣ, ಆಕಾರ, ಮುರಿದಾಗಿನ ಒಳಮೈ, ವಾಸನೆ, ರುಚಿ ಬರೆದುಕೊಳ್ಳುವುದು. ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. ಪುಸ್ತಕದ ಜೊತೆ ಹೋಲಿಸುವುದು. ಹೊರಗೆ ಪುಡಿ ಮಾಡುವ ಯಂತ್ರ ಕಿರುಚುತ್ತಿತ್ತು. ಅದು ನಿಂತಾಗ ಜನ ಮಾತಾಡುವುದು ಕೇಳಿಸುತ್ತಿತ್ತು, ಆದರೆ ಆ ಮಾತು ನನ್ನವರೆಗೆ ಬರುತ್ತಿರಲಿಲ್ಲ. ಬಂದ ಮೊದಲ ವಾರ ನಾನು "ಇದು ಎಲ್ಲಿಂದ ಬಂದೈತ್ರಿ?" ಎಂದದ್ದಕ್ಕೆ ಎಲ್ಲರೂ ನಕ್ಕಿದ್ದರು. ಕೆಟ್ಟ ನಗುವೇನಲ್ಲ. ಆದರೂ ಅಂದಿನಿಂದ ನಾನು ಮಾತು ಕಡಿಮೆ ಮಾಡಿದೆ. ಬಾಡಿಗೆ ಕೋಣೆಯಲ್ಲಿ ಭಾನುವಾರಗಳು ಬಹಳ ಉದ್ದವಾಗಿರುತ್ತಿದ್ದವು. ಕೆಲವೊಮ್ಮೆ ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ನಾನು ಆಡಿದ ಮಾತು ಹಾಲಿನವನಿಗೆ ಹೇಳಿದ "ಅರ್ಧ ಲೀಟರ್" ಮಾತ್ರ.

ಉಗ್ರಾಣದೊಳಗೆ ಬಂದುಹೋಗುತ್ತಿದ್ದವರು ಒಬ್ಬರೇ, ತುರುವೇಕೆರೆ ಕಡೆಯ ಐವತ್ತರ ಹೆಂಗಸು. ಔಷಧದ ಪಟ್ಟಿಯಂತೆ ಸಾಮಾನು ತೂಗಿ ಯಂತ್ರಕ್ಕೆ ಕಳಿಸುವುದು ಅವರ ಕೆಲಸ. ಎಲ್ಲರೂ ತೂಕದಕ್ಕ ಎನ್ನುತ್ತಿದ್ದರು. ಮಧ್ಯಾಹ್ನ ಬಾಗಿಲ ಬಳಿ ಕೂತು ನಾವಿಬ್ಬರೂ ಬುತ್ತಿ ಬಿಚ್ಚುತ್ತಿದ್ದೆವು. ಅವರ ಮುದ್ದೆ, ನನ್ನ ರೊಟ್ಟಿ. "ಇದ್ನೆಂಗೆ ಅಗೀತೀರಿ ಮೇಡಮ್ಮ, ಹಲ್ಲು ನೋಯಾಕಿಲ್ವಾ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ಅಷ್ಟೇ ಮಾತು.

ಮೊದಲು ನಾನು ಹಿಡಿದದ್ದು ಅಕ್ಷರದ ದಾರಿ. ಅ ದಿಂದ ಳ ವರೆಗೆ ಚೀಲಗಳನ್ನು ಸಾಲಾಗಿ ಇಟ್ಟೆ. ಎರಡು ವಾರ ಬೆನ್ನು ಮುರಿದು ಮಾಡಿದ ಕೆಲಸ ಒಂದೇ ದಿನದಲ್ಲಿ ಕೆಟ್ಟಿತು. ಒಂದೇ ಬಳ್ಳಿ ಬಿಲ್ಲಿನಲ್ಲಿ ಗುಡೂಚಿ, ಪಟ್ಟಿಯಲ್ಲಿ ಅಮೃತಾ, ಆಳುಗಳ ಬಾಯಲ್ಲಿ ಅಮೃತಬಳ್ಳಿ. ಮೂರು ಅಕ್ಷರದ ಕೆಳಗೆ ಮೂರು ಚೀಲ! ಒಂದು ಚೀಲ ಖಾಲಿಯಾಗುತ್ತಿದ್ದಂತೆ "ಸಾಮಾನು ಮುಗೀತು" ಎಂದು ಹೊಸದಾಗಿ ತರಿಸಿದರು. ಉಳಿದೆರಡು ಹಳೆಯ ಚೀಲಗಳಲ್ಲಿ ಹುಳು ಬಿದ್ದಿತ್ತು.

ಆಮೇಲೆ ಗಿಡದ ಭಾಗದ ಮೇಲೆ ವಿಂಗಡಿಸಿದೆ. ಬೇರು ಒಂದು ಕಡೆ, ತೊಗಟೆ ಒಂದು ಕಡೆ, ಎಲೆ, ಹೂ, ಕಾಯಿ, ಬೀಜ. ಇದು ಚೆನ್ನಾಗಿ ನಡೆಯಿತು. ಅಶೋಕದ ತೊಗಟೆಯೆಂದು ಬಂದ ಎರಡು ಚೀಲ ಅಕ್ಕಪಕ್ಕ ಬಂದಾಗಲೇ ಅವುಗಳಲ್ಲೊಂದು ರಸ್ತೆ ಬದಿಯ ಉದ್ದ ಎಲೆಯ ಮರದ್ದು, ಅಶೋಕವೇ ಅಲ್ಲ ಎಂದು ಗೊತ್ತಾಯಿತು. ಆದರೆ ಕರ್ಕಾಟಕ ಶೃಂಗಿ ಎಲ್ಲಿಗೆ ಸೇರಬೇಕು? ಕೋಡಿನಂತಿದ್ದರೂ ಅದು ಕೋಡಲ್ಲ, ಕಾಯಿಯಲ್ಲ. ಹುಳು ಕಚ್ಚಿದ್ದಕ್ಕೆ ಮರ ಬೆಳೆಸಿದ ಗಂಟು. ಅರಗು ಎಲ್ಲಿಗೆ? ಶಿಲಾಜಿತು ಎಲ್ಲಿಗೆ? ಯಾವ ಗುಂಪಿಗೂ ಸೇರದವು ಮೂಲೆಯಲ್ಲಿ ಉಳಿದವು. ಆ ಮೂಲೆಯನ್ನು ನೋಡಿದಾಗಲೆಲ್ಲ ನನಗೇಕೋ ನನ್ನದೇ ನೆನಪಾಗುತ್ತಿತ್ತು.

ಅಷ್ಟಕ್ಕೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ನಾನು ಸಸ್ಯಶಾಸ್ತ್ರದವಳು. ತಪಾಸಣೆಗೆ ಬರುವವರು ಸಸ್ಯಕುಟುಂಬದ ಪ್ರಕಾರ ಜೋಡಿಸಿದ ಉಗ್ರಾಣ ನೋಡಿ ತಲೆದೂಗಬೇಕು ಎಂಬ ಆಸೆ ಹುಟ್ಟಿತು. ಮೂರನೇ ಸಲ ಎಲ್ಲವನ್ನೂ ಕಿತ್ತು ಹಾಕಿದೆ. ಜೀರಿಗೆಯ ಕುಟುಂಬ ಒಂದು ಸಾಲು, ಶುಂಠಿಯ ಕುಟುಂಬ ಒಂದು ಸಾಲು. ಇಂಗು ಜೀರಿಗೆಯ ನೆಂಟ. ಅದನ್ನು ಜೀರಿಗೆ, ಓಮದ ಮಧ್ಯೆ ಇಟ್ಟೆ. ವಾರದಲ್ಲಿ ಆ ಸಾಲಿನ ಸಾಮಾನೆಲ್ಲ ಇಂಗು ನಾರತೊಡಗಿತು. ಬಾಣಂತಿ ಲೇಹ್ಯದ ಒಂದು ಪಾತ್ರೆ ಹಾಳಾಯಿತು. ಮಾಲೀಕರು ಮೂಸಿ ನೋಡಿ, "ಇದ್ನ ಸಾರಿಗೆ ಒಗ್ಗರಣೆ ಹಾಕ್ಕಬೋದು ಮೇಡಂ" ಎಂದರು. ಇಂಗನ್ನು ಹೊರಗಿಟ್ಟು ಮುಂದುವರಿಸಿದೆ.

ಅಟ್ಟದ ಮೇಲೆ, ಹಿಂದಿನ ಮೂಲೆಯಲ್ಲಿ ಒಂದು ಡಬ್ಬದಲ್ಲಿ ವತ್ಸನಾಭಿ ಸಿಕ್ಕಿತ್ತು. ಕಪ್ಪು ಕಂದು ಬಣ್ಣದ ಮೊನಚು ಬೇರು, ಕಡು ವಿಷ. ಗಂಜಲದಲ್ಲಿ ನೆನೆಸಿ ಬೇಯಿಸಿ ಶುದ್ಧಿ ಮಾಡಿದ ಮೇಲೆಯೇ ಜ್ವರದ ಮಾತ್ರೆಗೆ, ಅದೂ ಅಳೆದು ಅತಿ ಸ್ವಲ್ಪ ಬಳಸುವುದು. ಇಂಥದ್ದನ್ನು ಅಷ್ಟು ಮೇಲೆ ಮೂಲೆಗೆ ಎಸೆದಿದ್ದಾರಲ್ಲ, ಎಂಥ ಅಜಾಗರೂಕತೆ ಎಂದುಕೊಂಡು ಕೆಳಗಿಳಿಸಿದೆ. ಅತಿವಿಷ ಎಂಬ ಇನ್ನೊಂದು ಬೇರು ಅದೇ ಕುಟುಂಬದ್ದು, ಅದೇ ಜಾತಿಯ ಗಿಡ. ಹೆಸರಿನಲ್ಲಿ ವಿಷ ಇದ್ದರೂ ಅತಿವಿಷ ವಿಷವಲ್ಲ. ಬೂದು ಮೈ, ಮುರಿದರೆ ಒಳಗೆ ಬಿಳಿ, ತುಂಬ ಕಹಿ, ಅಷ್ಟೇ. ಹಾಲು ಕುಡಿಯುವ ಮಕ್ಕಳ ಕೆಮ್ಮು ಜ್ವರಕ್ಕೂ ಕೊಡುತ್ತಾರೆ. ಎರಡನ್ನೂ ಹೊಸ ಬಟ್ಟೆಯ ಚೀಲಕ್ಕೆ ತುಂಬಿ, ದಪ್ಪ ಅಕ್ಷರದಲ್ಲಿ ಚೀಟಿ ಬರೆದು, ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟೆ. ಶಾಸ್ತ್ರದ ಪ್ರಕಾರ ಅದು ಸರಿಯಾದ ಜಾಗವೇ.

ತೂಕದಕ್ಕನಿಗೆ ಓದಲು ಬರುವುದಿಲ್ಲ, ಗುಮಾಸ್ತರು ಬೆಳಿಗ್ಗೆ ಓದಿ ಹೇಳಿದ ಪಟ್ಟಿಯನ್ನು ನೆನಪಿಟ್ಟುಕೊಂಡು ತೂಗುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಮೂರು ತಿಂಗಳು ಜೊತೆಯಲ್ಲಿ ಕೂತು ಉಂಡಿದ್ದೆ. ಒಂದು ದಿನವೂ ಕೇಳಿರಲಿಲ್ಲ. ಹೊಸ ಜೋಡಣೆ ಮುಗಿದ ಮೇಲೆ ನಾನು ಅವರನ್ನು ಒಂದು ಸುತ್ತು ಕರೆದೊಯ್ದು ಪ್ರತಿಯೊಂದು ಜಾಗ ತೋರಿಸಿದ್ದೆ. ಅವರು ತಲೆಯಾಡಿಸಿದ್ದರು. ಇನ್ನೂರು ಜಾಗಗಳನ್ನು ಅವರು ಕಣ್ಣಲ್ಲೇ ನೆನಪಿಟ್ಟುಕೊಳ್ಳಬೇಕಿತ್ತು.

ಆ ದಿನ ತೂಗಿದ್ದು ಮಕ್ಕಳ ಚೂರ್ಣ. ಕೊನ್ನಾರಿ ಗಡ್ಡೆ, ಹಿಪ್ಪಲಿ, ಕರ್ಕಾಟಕ ಶೃಂಗಿ, ಅತಿವಿಷ, ನಾಲ್ಕೂ ಸಮಭಾಗ. ಯಂತ್ರದಿಂದ ಬಂದ ಪುಡಿಯನ್ನು ನಾನು ನೋಡಿ ಸಹಿ ಹಾಕಿದ ಮೇಲೆಯೇ ಕಟ್ಟಬೇಕೆಂಬುದು ಪದ್ಧತಿ. ನಾನು ಚೀಟಿಗಳಿಗೆ ಅಂಟು ಬಳಿಯುತ್ತಿದ್ದೆ. "ಆಮೇಲೆ ನೋಡ್ತೀನಿ, ಕಟ್ರಿ" ಎಂದೆ. ಮಧ್ಯಾಹ್ನ ಮೂರು ಗಂಟೆಗೆ ಮಾದರಿಯ ಬಾಟಲಿ ತೆರೆದು ಒಂದು ಚಿಟಿಕೆಯನ್ನು ನಾಲಿಗೆಯ ತುದಿಗಿಟ್ಟು ಉಗುಳಿದೆ.

ಕಹಿ ಇರಲಿಲ್ಲ.

ಮೊದಲು ಖಾರ ಬಂತು. ಅದು ಹಿಪ್ಪಲಿ, ಹಿಪ್ಪಲಿಯೂ ನಾಲಿಗೆಯನ್ನು ಚುಚ್ಚುತ್ತದೆ. ಖಾರ ಇಳಿಯಲಿ ಎಂದು ಕಾದೆ. ಖಾರ ಇಳಿಯಿತು, ಚುಮುಗುಟ್ಟುವುದು ನಿಲ್ಲಲಿಲ್ಲ. ನಾಲಿಗೆಯ ತುದಿ ಜೋಮು ಹಿಡಿಯಿತು, ಆಮೇಲೆ ತುಟಿ. ಎದ್ದು ಹಲಗೆಯ ಬಳಿ ಓಡಿದೆ. ವತ್ಸನಾಭಿಯ ಚೀಲ ಅರ್ಧಕ್ಕೆ ಇಳಿದಿತ್ತು. ಅತಿವಿಷದ ಚೀಲದ ಗಂಟು ಬಿಚ್ಚಿರಲೇ ಇಲ್ಲ.

ಬಾಯಿ ಮುಕ್ಕಳಿಸಿ ಕಟ್ಟುವ ಕೋಣೆಗೆ ಹೋದೆ. ತೂಕದಕ್ಕ ಪೊಟ್ಟಣ ಎಣಿಸುತ್ತಿದ್ದರು.

"ಎಲ್ಲಾ ಅದಾವೇನಕ್ಕ? ಒಂದೂ ಹೊರಗ ಹೋಗಿಲ್ಲಲ್ಲ?"

"ಹಂದನಕೆರೆ ವೈದ್ಯರು ಬಂದಿದ್ರು ಮೇಡಮ್ಮ. ಹನ್ನೆರಡು ತಗಂಡು ಆಗ್ಲೇ ಬಸ್ಸಿಗೋದ್ರು. ಯಾಕೆ, ನಿಮ್ ಮಖ ಯಾಕಂಗಾಗೈತೆ?"

ಹೇಳಿದೆ. ಅವರು ಕೈಯಲ್ಲಿದ್ದ ಪೊಟ್ಟಣವನ್ನು ಕೆಂಡ ಬಿಟ್ಟ ಹಾಗೆ ಬಿಟ್ಟರು. "ಕಪ್ಪಗಿತ್ತು. ಹೊಸ ಮಾಲು ಅಂದ್ಕಂಡೆ," ಎಂದಷ್ಟೇ ಹೇಳಿ ಗೋಡೆಗೊರಗಿ ಕೂತರು.

ಮಾಲೀಕರು ತುಮಕೂರಿಗೆ ಹೋಗಿದ್ದರು. ವೈದ್ಯರ ಮನೆಗೆ ಫೋನಿಲ್ಲ. ಕಚೇರಿಯ ಗುಮಾಸ್ತರು, "ಯಜಮಾನ್ರು ಬರ್ಲಿ ಮೇಡಂ. ಕೇಳ್ದೆ ಏನೂ ಮಾಡೋದ್ ಬ್ಯಾಡ. ಸುಮ್ನೆ ಊರೆಲ್ಲಾ ಸುದ್ದಿಯಾಯ್ತದೆ," ಎಂದರು. ಮಾಲೀಕರು ಬರುವುದು ಸಂಜೆ ಏಳಕ್ಕೆ. ಜ್ವರ ಬಂದ ಮಗುವಿಗೆ ಔಷಧ ಹಾಕುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಪುಡಿಯ ಪಾತ್ರೆಯನ್ನೂ ಉಳಿದ ಪೊಟ್ಟಣಗಳನ್ನೂ ಉಗ್ರಾಣಕ್ಕೆ ಹಾಕಿಸಿ ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹಂದನಕೆರೆಯ ಬಸ್ ಹತ್ತಿದೆ.

ಆ ಬಸ್ಸು ತೋಟಕ್ಕೊಂದು ಸಲ ನಿಲ್ಲುತ್ತಿತ್ತು. ಹಿಂಡಿ ಚೀಲ ಹತ್ತಿಸುವವರು, ಮೋಟಾರಿನ ಪೈಪು ಇಳಿಸುವವರು. ಕಿಟಕಿಯಲ್ಲಿ ತೆಂಗಿನ ಸಾಲುಗಳು ಓಡುತ್ತಿದ್ದವು. ಕಂಡಕ್ಟರಿಗೆ "ಸ್ವಲ್ಪ ಲಗೂ ಬಿಡ್ರಿ" ಎಂದೆ. ಬೇಗ ಎಂಬ ನಮ್ಮ ಕಡೆಯ ಆ ಮಾತು ಅವನಿಗೆ ಅರ್ಥವಾಗಲಿಲ್ಲ. ತುಟಿ ಇನ್ನೂ ಜೋಮು ಬಿಟ್ಟಿರಲಿಲ್ಲ. ಒಂದು ಚಿಟಿಕೆಗೆ ನನಗೆ ಹೀಗಾದರೆ ಎಂದು ಶುರುವಾದ ಲೆಕ್ಕವನ್ನು ಮುಂದಕ್ಕೆ ಬಿಡದೆ ತಡೆದೆ.

ವೈದ್ಯರು ಜಗಲಿಯ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. ಚೀಲ ತೆರೆಸಿದೆ. ಹನ್ನೊಂದು.

"ಒಂದ್ ಕೊಟ್ಬುಟ್ಟೆ ಕಣಮ್ಮ, ಬಸ್ ಇಳೀತಿದ್ದಂಗೆ. ತೋಟದ ಮನೆಯೋರು ಕಾಯ್ತಾ ನಿಂತಿದ್ರು. ಆರು ತಿಂಗ್ಳ ಕೂಸು, ಕೆಮ್ಮು..." ಎನ್ನುತ್ತಿದ್ದವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. "ಏನಾಗೈತೆ ಅದ್ರಲ್ಲಿ?"

"ವತ್ಸನಾಭಿ ಬಿದ್ದೈತ್ರಿ. ಶುದ್ಧಿ ಮಾಡದ್ದು."

ಅವರು ಮೊಪೆಡ್ ತೆಗೆದರು, ನಾನು ಹಿಂದೆ ಹತ್ತಿದೆ. ಒದ್ದೆ ಕಾಲು, ಚಪ್ಪಲಿಯೂ ಇಲ್ಲ. ಕಾಲುವೆಯ ಏರಿಯ ಮೇಲೆ, ತೆಂಗಿನ ಬುಡಗಳ ನಡುವೆ ಆ ಗಾಡಿ ಎರಡು ಸಲ ಜಾರಿತು. ಅಂಗಳದಲ್ಲಿ ಒಬ್ಬ ಅಜ್ಜಿ ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ಕೂತಿದ್ದರು. ಮಗು ಅಲುಗಾಡುತ್ತಿರಲಿಲ್ಲ.

"ಕೂಸಿಗೆ ಪುಡಿ ಹಾಕಿದ್ರಾ?" ವೈದ್ಯರು ಗಾಡಿಯ ಮೇಲಿಂದಲೇ ಕೂಗಿದರು.

ಅಜ್ಜಿ ತಲೆಯೆತ್ತಿದರು. "ಕೂಗ್ಬ್ಯಾಡ, ಈಗ ನಿದ್ದೆ ಹತ್ತೈತೆ. ಬಾ, ನಿನ್ನೇ ಕಾಯ್ತಿದ್ದೆ. ಅದೇನು ಪುಡಿ ಕೊಟ್ಟಿದ್ಯಲಾ ಇವತ್ತು? ಕಹೀನೇ ಇಲ್ಲ. ನಾಲಗೆಗಿಟ್ರೆ ಚುಮುಚುಮು ಅಂದು ಜೋಮು ಬತ್ತದೆ. ನೀನ್ ಬಂದ್ಮ್ಯಾಲೆ ನಿಂಗೇ ತಿನ್ಸಾಣ ಅಂತ ಗೂಡ್ನಾಗೆ ಎತ್ತಿ ಮಡಗಿದೀನಿ."

"ಮಗೀಗೆ ಹಾಕಿಲ್ವಾ?"

"ನಾನ್ ನೆಕ್ಕಿ ನೋಡ್ದೆ ಯಾವ್ದುನ್ನೂ ಮಗೀಗೆ ಹಾಕಾಕಿಲ್ಲ. ಏಳು ಮಕ್ಳು ಸಾಕಿರೋಳು ನಾನು."

ನಾನು ಅಲ್ಲೇ ಕೂತುಬಿಟ್ಟೆ. ಅಜ್ಜಿ ಸೊಸೆಯನ್ನು ಕರೆದು ನನಗೆ ನೀರು ಕೊಡಿಸಿದರು. ಗೂಡಿನಿಂದ ಪೊಟ್ಟಣ ಬಂತು. ಅಜ್ಜಿಗೆ ಏನಾದರೂ ಆಗುತ್ತಿದೆಯೇ ಎಂದು ಕೇಳಿ, ನಾಡಿ ಹಿಡಿದು, ಹೊತ್ತು ಮುಳುಗುವವರೆಗೆ ಅಲ್ಲೇ ಕೂತೆವು. ಅವರಿಗೇನೂ ಆಗಲಿಲ್ಲ. ಆ ಪುಡಿ ಮಾಡಿದ ಕಾರ್ಖಾನೆಯವಳು ನಾನೇ ಎಂದು ಹೇಳಿಕೊಂಡಾಗ ಅವರು ಬೈಯಲಿಲ್ಲ. "ಒಬ್ಳೇ ಬಂದ್ಯಾ ಅಷ್ಟು ದೂರದಿಂದ?" ಎಂದು ಮಾತ್ರ ಕೇಳಿದರು. ಬೈದಿದ್ದರೆ ನಾನು ಅಳುತ್ತಿರಲಿಲ್ಲ.

ವಾಪಸು ತಿಪಟೂರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಮಡಿಲಲ್ಲಿ ಹನ್ನೆರಡು ಪೊಟ್ಟಣ. ನಡೆದದ್ದನ್ನು ಯಾರಿಗಾದರೂ ಹೇಳಬೇಕೆನಿಸಿತು. ಎಸ್‌ಟಿಡಿ ಬೂತಿನಿಂದ ಊರಿಗೆ ಫೋನ್ ಮಾಡಿದೆ. ಅಪ್ಪ, "ಊಟ ಆತೇನವಾ?" ಎಂದರು. "ಆತು" ಎಂದೆ. "ಎಲ್ಲಾ ಆರಾಮಲ್ಲ?" ಎಂದರು. "ಆರಾಮ" ಎಂದು ಇಟ್ಟೆ.

ಮರುದಿನ ಮಾಲೀಕರು ಎಲ್ಲವನ್ನೂ ನಿಂತೇ ಕೇಳಿದರು. ಆಮೇಲೆ ತೂಕದಕ್ಕನ ಲೆಕ್ಕ ತೀರಿಸಿ ಕಳಿಸಲು ಗುಮಾಸ್ತರಿಗೆ ಹೇಳಿದರು.

"ತಪ್ಪು ಅವರದಲ್ಲ ಸರ್. ಎರಡನ್ನೂ ಅಕ್ಕಪಕ್ಕ ಇಟ್ಟಾಕಿ ನಾನು. ನೋಡದ ಕಟ್ರಿ ಅಂದಾಕಿನೂ ನಾನು. ಕಳಿಸೋದಾದ್ರ ನನ್ನ ಕಳಿಸ್ರಿ."

"ತಪಾಸಣೆಗೆ ಮೂರು ವಾರ ಐತೆ ಮೇಡಂ. ನಿಮ್ಮುನ್ನ ಎಲ್ಲಿಗೆ ಕಳ್ಸಲಿ?" ಅವರು ಕುರ್ಚಿಯಲ್ಲಿ ಕುಸಿದರು. "ಸರಿ, ಇಬ್ರೂ ಇರಿ. ಪುಡೀನ ಸುಣ್ಣ ಹಾಕಿ ಹೂತುಬುಡಿ. ಪುಸ್ತಕದಾಗೆ ಮಾತ್ರ ಬರೀಬ್ಯಾಡಿ. ಹದಿನಾಲ್ಕು ಜನದ ಅನ್ನ ಇದು."

ನಾನು ಬರೆದೆ. ಆ ದಿನದ ಪುಟದಲ್ಲಿ, ಅತಿವಿಷದ ಬದಲು ವತ್ಸನಾಭಿ ಸೇರಿದೆ, ಪೂರ್ತಿ ನಾಶಪಡಿಸಲಾಗಿದೆ, ಕಾರಣ: ಉಗ್ರಾಣದ ಜೋಡಣೆ ಮತ್ತು ಪರೀಕ್ಷೆಯಲ್ಲಿ ನನ್ನ ಲೋಪ, ಎಂದು. ಮಾಲೀಕರು ಅದನ್ನು ಓದಿದರು. ಹರಿಯಲಿಲ್ಲ. ಆದರೆ ತಪಾಸಣೆ ಮುಗಿಯುವವರೆಗೆ ನನ್ನ ಜೊತೆ ಮಾತಾಡಲೂ ಇಲ್ಲ. ತೂಕದಕ್ಕನೂ ಬುತ್ತಿಯನ್ನು ಬಾವಿಕಟ್ಟೆಗೆ ಒಯ್ದು ಉಣ್ಣತೊಡಗಿದರು. ಸಿಟ್ಟಲ್ಲ, ನನ್ನ ಕಣ್ಣಿಗೆ ಬೀಳಲು ಅವರಿಗೆ ಹೆದರಿಕೆ. ನನ್ನದೂ ಅದೇ. ಯಂತ್ರವನ್ನು ಬಿಚ್ಚಿ ಮೂರು ಸಲ ತೊಳೆದು, ಅಂಟಿದ ಪುಡಿಯೂ ಬರಲೆಂದು ಅಕ್ಕಿ ನುಚ್ಚು ಬೀಸಿ, ಆ ನುಚ್ಚನ್ನೂ ಹೂಳಿಸಿದೆ. ಆ ಇಡೀ ವಾರದಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆದ ನೆನಪಿಲ್ಲ.

ಆಗ ಮಾಡಿದ್ದು, ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ. ಮೊದಲು ಉಗ್ರಾಣ ನೋಡಿಕೊಂಡಿದ್ದ ಸಾಹೇಬರ ಮನೆಯನ್ನು ಪೇಟೆಯ ಹಿಂದಿನ ಓಣಿಯಲ್ಲಿ ಹುಡುಕಿದೆ. ಮಗ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಸಾಹೇಬರು ಒಳಗೆ ಮಂಚದ ಮೇಲಿದ್ದರು. ಉಗ್ರಾಣದವಳು ಎಂದಾಗ ಎದ್ದು ಕೂತರು.

"ಮೂರ್ ತಿಂಗ್ಳಾಯ್ತು ನೀವು ಬಂದು. ಇವತ್ತು ಬಂದ್ರಿ," ಎಂದರು.

ನಡೆದದ್ದನ್ನು ಹೇಳಿದೆ.

"ಆ ಡಬ್ಬ ಅಟ್ಟದ ಮೇಲಿತ್ತಲ್ಲ, ಬೇಟಿ?"

"ಇತ್ತು. ನಾನ ಇಳಿಸಿದೆ."

"ಏಣಿ ಇಲ್ದೆ ಅದು ಕೈಗೆ ಸಿಕ್ಕಬಾರ್ದು. ಏಣಿ ತರಾಕೆ ಹೊರಕ್ಕೆ ಹೋಗ್ಬೇಕು. ಏಣಿ ಹಾಕಿ ಹತ್ತೋ ಹೊತ್ಗೆ ಎಂಥ ಮನುಷ್ಯಂಗೂ ತಾನೇನು ತಗೀತಾ ಇದೀನಿ ಅಂತ ಜ್ಞಾಪಕ ಬತ್ತದೆ." ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿದರು. "ನೀವು ಓದಿರೋದು ಗಿಡಕ್ಕೆ ಗಿಡ ಏನಾಗ್ಬೇಕು ಅಂತ. ನಾನು ನೋಡಿದ್ದು ಮನುಷ್ಯಂಗೆ ಅದು ಏನ್ ಮಾಡ್ತದೆ ಅಂತ. ಮೊದ್ಲು ಕೊಲ್ಲೋದು ಬ್ಯಾರೆ. ಆಮ್ಯಾಲೆ ನಾರೋದು ಬ್ಯಾರೆ. ಆಮ್ಯಾಲೆ ಹುಳ ತಿನ್ನೋದು ಬ್ಯಾರೆ. ಉಳಿದಿದ್ದು ಹೆಂಗ್ ಬೇಕಾದ್ರೂ ಮಡಗಿ."

ಅವರ ಮನೆಗೆ ಆಮೇಲೆ ಐದಾರು ಸಲ ಹೋದೆ. ಒಂದೊಂದು ವಸ್ತುವನ್ನೂ ಕಾಗದದಲ್ಲಿ ಕಟ್ಟಿ ಒಯ್ಯುತ್ತಿದ್ದೆ. ಅವರು ಮುರಿದು, ಸದ್ದು ಕೇಳಿ, ಮೂಸಿ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ.

ನಾಲ್ಕನೇ ಸಲ ಉಗ್ರಾಣವನ್ನು ಕಿತ್ತು ಜೋಡಿಸಿದೆ. ವತ್ಸನಾಭಿ, ದತ್ತೂರಿ ಬೀಜ, ಗುಲಗಂಜಿ, ಪಾಷಾಣ ಅಟ್ಟದ ಮೇಲಿನ ಪೆಟ್ಟಿಗೆಗೆ ಹೋದವು, ಕೆಂಪು ಬಣ್ಣ, ಬೀಗ. ಖನಿಜ, ಪ್ರಾಣಿಜನ್ಯ, ರಾಳ ನಿಯಮದಂತೆ ಬೇರೆ ಬೇರೆ. ಇಂಗು, ಕರ್ಪೂರ ಹೊರಗಿನ ಕೋಣೆಗೆ. ಉಳಿದದ್ದು ಬೇರು, ತೊಗಟೆ, ಎಲೆ ಎಂದು ಭಾಗದ ಪ್ರಕಾರ. ಪ್ರತಿ ಚೀಟಿಯ ಮೇಲೆ ಹೆಸರಿನ ಪಕ್ಕ ಆ ವಸ್ತುವಿನದೇ ಒಂದು ತುಂಡನ್ನು ಹೊಲಿದೆ. ಸಸ್ಯಕುಟುಂಬ ನನ್ನ ರಿಜಿಸ್ಟರಿನೊಳಗೆ ಉಳಿಯಿತು.

ತಪಾಸಣೆಯ ಅಧಿಕಾರಿ ಒಂದು ಇಡೀ ದಿನ ನೋಡಿದರು. ಸಂಜೆ ಆ ಪುಟ ತೆರೆದು ಎರಡು ಸಲ ಓದಿದರು. ಮಾಲೀಕರು ಕಿಟಕಿಯ ಕಡೆ ತಿರುಗಿ ನಿಂತರು.

"ಇದು ನಿಮ್ಮದೇ ಅಕ್ಷರಾನಾ?"

"ಹೌದ್ರಿ."

"ಆ ಮಗು?"

"ಆರಾಮ ಐತ್ರಿ. ಹೋದ ವಾರ ಹೋಗಿ ನೋಡಿ ಬಂದೆ."

ಅವರು ಲೋಪದ ಪಟ್ಟಿಯಲ್ಲಿ ಅದನ್ನೂ ಬರೆದುಕೊಂಡರು. ಒಂದು ನೋಟಿಸು ಬಂತು, ಉತ್ತರ ಕೊಟ್ಟೆವು, ಮೂರು ತಿಂಗಳ ಮೇಲೆ ಮತ್ತೆ ನೋಡಲು ಬಂದರು. ಪರವಾನಗಿ ಉಳಿಯಿತು. ಅಂದು ಮಾಲೀಕರು ನನಗೆ "ಕಾಫಿ ಕುಡೀರಿ ಮೇಡಂ" ಎಂದರು.

ಇನ್ನೊಂದು ನಿಯಮ ನಾವೇ ಮಾಡಿಕೊಂಡೆವು. ಮಕ್ಕಳ ಚೂರ್ಣದ ದಿನ ಯಂತ್ರ ಶುರುವಾಗುವ ಮುಂಚೆ ತೂಗಿಟ್ಟ ಅತಿವಿಷದಿಂದ ಒಂದು ಬೇರು ಮುರಿದು ಇಬ್ಬರು ರುಚಿ ನೋಡಬೇಕು. ಎರಡನೆಯವರು ಯಾರು ಎಂದು ನಾನು ಹೇಳಿರಲಿಲ್ಲ. ಮೊದಲ ದಿನ ನಾನು ಮೆಟ್ಟಿಲ ಮೇಲೆ ಕೂತು ಬೇರು ಮುರಿಯುತ್ತಿದ್ದಾಗ ತೂಕದಕ್ಕ ಬಂದು ಪಕ್ಕದಲ್ಲಿ ಕೂತು ಅಂಗೈ ಚಾಚಿದರು. ಬಿಳಿಯ ಚೂರೊಂದನ್ನು ಇಟ್ಟೆ. ಇಬ್ಬರೂ ನಾಲಿಗೆಗಿಟ್ಟು ಉಗುಳಿದೆವು. ಜೋಮು ಬರುವುದಾದರೆ ತಡವಾಗಿ ಬರುತ್ತದೆ, ನೂರರವರೆಗೆ ಎಣಿಸಬೇಕು ಎಂದೆ. ಅವರಿಗೆ ಇಪ್ಪತ್ತರ ತನಕ ಬರುತ್ತಿತ್ತು. ಐದು ಸಲ ಇಪ್ಪತ್ತು ಎಣಿಸಿದರು, ಒಂದೊಂದು ಇಪ್ಪತ್ತಕ್ಕೂ ಒಂದು ಬೆರಳು ಮಡಚುತ್ತಾ. ನಾನು ಎಣಿಸುವುದನ್ನು ಬಿಟ್ಟು ಅವರ ಬೆರಳುಗಳನ್ನೇ ನೋಡುತ್ತಿದ್ದೆ.

"ಬರೀ ಕಹಿ ಕಣ್ ಮೇಡಮ್ಮ," ಎಂದರು.

"ನನಗೂ ಕಹೀನ ಅಕ್ಕ," ಎಂದೆ.

ಅವರು ಎದ್ದು ಯಂತ್ರದವನಿಗೆ ಕೂಗಿ ಹೇಳಿದರು: "ಹಾಕ್ಲಾ, ಶುರು ಮಾಡು."